ಆವಿ ವಾಲಿದ ಕಡೆ

ನಮ್ಮೂರಿನಲ್ಲಿ ಬೆಳಗಿನ ಹೊತ್ತು ಮೊಸರವಲಕ್ಕಿ ತಿನ್ನುವವರನ್ನು ಯಾರೂ ನಂಬುವುದಿಲ್ಲ. ಅದು ತಣ್ಣನೆಯ ತಿಂಡಿ, ಅದರಿಂದ ಆವಿ ಏಳುವುದಿಲ್ಲ. ಆವಿ ಏಳದ ತಟ್ಟೆಯನ್ನು ಬೇಕೆಂದೇ ತರಿಸಿಕೊಂಡವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಯಾಕೆಂದರೆ ನಮ್ಮೂರಿನಲ್ಲಿ ಇಬ್ಬರು ಮೂವರು ಕೂತ ಮೇಜಿನ ಮೇಲೆ ಬಿಸಿ ಉಪ್ಪಿಟ್ಟನ್ನೋ ಚಹಾದ ಕಪ್ಪನ್ನೋ ಇಟ್ಟರೆ ಅದರ ಆವಿ ನೆಟ್ಟಗೆ ಮೇಲೇಳುವುದಿಲ್ಲ. ಜೊತೆಗೆ ಕೂತವರಿಂದ ಏನನ್ನಾದರೂ ಬಚ್ಚಿಟ್ಟವರು ಯಾರೋ ಅವರ ಕಡೆಗೆ ವಾಲುತ್ತದೆ. ಇಬ್ಬರು ಬಚ್ಚಿಟ್ಟಿದ್ದರೆ ಎರಡು ಎಳೆಯಾಗಿ ಸೀಳುತ್ತದೆ. ಯಾರೂ ಏನನ್ನೂ ಬಚ್ಚಿಡದಿದ್ದರೆ, ಅಥವಾ ಒಬ್ಬರೇ ಕೂತಿದ್ದರೆ, ಸುಮ್ಮನೆ ಮೇಲಕ್ಕೆ ಹೋಗುತ್ತದೆ. ಬೇರೆ ಊರುಗಳಲ್ಲಿ ಆವಿ ಯಾವಾಗಲೂ ಹಾಗೆಯೇ ಮೇಲಕ್ಕೆ ಹೋಗುತ್ತದಂತೆ. ಚಿಕ್ಕವಳಿದ್ದಾಗ ಇದನ್ನು ಕೇಳಿ, ಅಲ್ಲಿಯ ಜನ ಹೇಗೆ ಬದುಕುತ್ತಾರೋ ಎಂದು ನನಗೆ ಭಯವಾಗಿತ್ತು.

ಊರು ಇದಕ್ಕೆ ಒಗ್ಗಿಕೊಂಡಿರುವ ರೀತಿ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಮನೆಗಳಲ್ಲಿ ಉಪ್ಪಿಟ್ಟನ್ನು ಕೆದರಿ ಆರಿಸಿಯೇ ತಟ್ಟೆಗೆ ಹಾಕುತ್ತಾರೆ. ಗಂಡ ಪಡಸಾಲೆಯಲ್ಲಿ ಚಹಾ ಕುಡಿದರೆ ಹೆಂಡತಿ ಅಡುಗೆಮನೆಯಲ್ಲಿ ಕುಡಿಯುತ್ತಾಳೆ. ನಾನು ಟೈಪಿಸ್ಟ್ ಆಗಿರುವ ವಕೀಲರ ಕಚೇರಿಯಲ್ಲಿ ಕಕ್ಷಿದಾರರಿಗೆ ಸೋಡಾ ತರಿಸುತ್ತೇವೆ, ಚಹಾ ಅಲ್ಲ. ತಮ್ಮಲ್ಲಿ ಏನೂ ಇಲ್ಲವೆಂದು ತೋರಿಸಬೇಕಾದವರು, ಇಲ್ಲವೇ ಎದುರಿನವರಲ್ಲಿ ಏನಿದೆಯೆಂದು ನೋಡಬೇಕಾದವರು ಬೆಳಗ್ಗೆ ಹಂಪಣ್ಣನ ಹೋಟೆಲಿಗೆ ಬರುತ್ತಾರೆ. ಅಲ್ಲಿ ಫ್ಯಾನು ಇಲ್ಲ. ಬಾಗಿಲಿಗೆ ದಪ್ಪ ಗೋಣಿತಟ್ಟಿನ ಪರದೆ. ಒಳಗೆ ಕೂತವರು ಬೆವರುತ್ತಾ ನಾಷ್ಟಾ ಮಾಡುತ್ತಾರೆ, ಪಕ್ಕದ ಮೇಜಿನ ಆವಿಯನ್ನು ಓರೆಗಣ್ಣಿನಲ್ಲಿ ನೋಡುತ್ತಾರೆ.

ಆವಿ ವಾಲಿದ್ದನ್ನು ಕಂಡರೂ ಬಾಯಿಬಿಟ್ಟು ಕೇಳುವ ಹಾಗಿಲ್ಲ. “ಸಕ್ಕರಿ ಸಾಕಾತೇನ್ರೀ?” ಎಂದಷ್ಟೇ ಕೇಳಬಹುದು. ಹೇಳುವ ಮನಸ್ಸಿದ್ದವರು ಹೇಳುತ್ತಾರೆ, ಇಲ್ಲದವರು “ಸಾಕಾತ್ರೀ” ಎಂದು ಕಪ್ಪು ಎತ್ತಿಕೊಳ್ಳುತ್ತಾರೆ. ಇನ್ನೊಂದು ರೂಢಿಯೂ ಇದೆ, ಬಲು ಅಪರೂಪದ್ದು. ಕಪ್ಪಿನ ಮೇಲೆ ಅಂಗೈ ಮುಚ್ಚುವುದು. ಅಂಗೈ ಮುಚ್ಚಿದ ಮೇಲೆ ಯಾರೂ ಏನೂ ಕೇಳುವ ಹಾಗಿಲ್ಲ, ಮುಚ್ಚಿದವರೂ ಮುಂದೆಂದೂ ಕೇಳುವ ಹಾಗಿಲ್ಲ. ನಾನು ಅದನ್ನು ಒಂದು ಸಲ ಮಾತ್ರ ನೋಡಿದ್ದೆ. ಊರುಬಿಟ್ಟು ಹೋಗಿ ತಲೆ ನರೆತ ಮೇಲೆ ಮರಳಿದ ಗಂಡನ ಮುಂದೆ ಕೂತು, ಒಬ್ಬ ಮುದುಕಿ ಅವನ ಕಪ್ಪನ್ನು ಅಂಗೈಯಿಂದ ಮುಚ್ಚಿದ್ದಳು. ಅವಳ ಕೈ ಸುಟ್ಟಿರಬೇಕು, ಆದರೆ ತೆಗೆಯಲಿಲ್ಲ.

ನಾನು ಇದನ್ನೆಲ್ಲ ಹೇಳುತ್ತಿರುವುದು ನನ್ನ ಅಕ್ಕ ಕಸ್ತೂರಿಯ ಮದುವೆಯ ಸಲುವಾಗಿ. ಅಪ್ಪ ಅವ್ವ ತೀರಿಕೊಂಡಾಗ ನಾನು ಇನ್ನೂ ಲಂಗ ತೊಡುತ್ತಿದ್ದೆ. ಅಕ್ಕ ಬ್ಲೌಸು ಹೊಲಿದು ನನ್ನನ್ನು ಸಾಕಿದಳು. ನಾನು ಹಗಲು ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗುವಾಗ ಬಸ್ ಸ್ಟ್ಯಾಂಡಿನವರೆಗೆ ಬಂದು ನಿಲ್ಲುತ್ತಿದ್ದಳು. ಅವಳಿಗೆ ನಲವತ್ತು ಸಮೀಪಿಸಿದಾಗ, ನೀರಿನ ಟಾಕಿಯ ಪಂಪ್ ಆಪರೇಟರ್ ಆಗಿ ಊರಿಗೆ ಹೊಸದಾಗಿ ಬಂದ ಗುರುಪಾದಪ್ಪ ಎಂಬವರು ಅಂಗಿಯ ಕಾಲರು ತಿರುಗಿಸಿ ಹೊಲಿಸಿಕೊಳ್ಳಲು ಮನೆಗೆ ಬಂದರು. ಆಮೇಲೆ ತಿರುಗಿಸಲು ಕಾಲರು ಉಳಿಯದಿದ್ದರೂ ಬರುತ್ತಿದ್ದರು. ಒಂದು ದಿನ ಅಕ್ಕ ಮಷಿನ್ನಿಗೆ ಎಣ್ಣೆ ಬಿಡುತ್ತಾ, ನನ್ನ ಮುಖ ನೋಡದೆ, “ಅವರು ಕೇಳ್ಯಾರ, ಶಕ್ಕೂ. ನೀ ಹೂಂ ಅಂದ್ರ ನಾನೂ ಹೂಂ” ಎಂದಳು.

ನಮ್ಮಲ್ಲಿ ಮದುವೆಗೆ ಮೊದಲು ಮೂರು ನಾಷ್ಟಾ ಆಗಬೇಕು. ಗಂಡು, ಹೆಣ್ಣು, ಹೆಣ್ಣಿನ ಕಡೆಯ ಒಬ್ಬರು ಹಂಪಣ್ಣನ ಹೋಟೆಲಿನಲ್ಲಿ ಮೂರು ಸಲ ಒಟ್ಟಿಗೆ ಕೂರಬೇಕು. ಮೂರನೆಯ ಸಲ ಹೆಣ್ಣಿನ ಕಡೆಯವರು ಗಂಡಿನ ತಟ್ಟೆಗೆ ಶಿರಾ ಬಡಿಸಿದರೆ ಒಪ್ಪಿಗೆ. ಬಡಿಸದೆ ಎದ್ದರೆ ಮಾತು ಅಲ್ಲಿಗೇ ಮುಗಿಯಿತು. ಅಕ್ಕನ ಕಡೆಯವರು ಎಂದರೆ ನಾನೊಬ್ಬಳೇ. ಅವಳ ಬಾಳು ನನ್ನ ಕೈಯ ಚಮಚೆಯಲ್ಲಿ ಕೂತುಬಿಟ್ಟಿತ್ತು. ತರಕಾರಿಯವನು ತೂಕ ಮಾಡುವಾಗಲೂ ನಾನು ತಪ್ಪು ನೋಡಿದೆನೇನೋ ಎಂದು ಎರಡೆರಡು ಸಲ ಯೋಚಿಸುವವಳು. ಇದನ್ನು ಹೇಗೆ ನಿರ್ಧರಿಸಲಿ? ಒಂದು ಸಮಾಧಾನವೆಂದರೆ ಗುರುಪಾದಪ್ಪನವರಿಗೆ ಮೂರು ನಾಷ್ಟಾದ ಪದ್ಧತಿ ಹೇಳಿದ್ದೆವು, ಆವಿಯ ವಿಷಯ ಹೇಳಿರಲಿಲ್ಲ. ಒಂದು ಮಳೆಗಾಲ ಕಳೆಯುವ ತನಕ ಹೊಸಬರಿಗೆ ಅದನ್ನು ಯಾರೂ ಹೇಳುವುದಿಲ್ಲ; ಊರಿಗೆ ಊರೇ ಬಚ್ಚಿಡುವ ಈ ಒಂದು ಗುಟ್ಟನ್ನು ಮಾತ್ರ ಆವಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೊತ್ತಿಲ್ಲದವರು ನಿರಾಳವಾಗಿ ಬಿಸಿ ತರಿಸುತ್ತಾರೆ, ನೋಡುವವರಿಗೆ ಅನುಕೂಲ.

ಮೊದಲ ನಾಷ್ಟಾಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮಗಿಂತ ಮೊದಲೇ ಬಂದು ಕೂತಿದ್ದರು. ಇಡ್ಲಿ ವಡಾ ತರಿಸಿದರು. ಹಂಪಣ್ಣ ತಟ್ಟೆಗಳನ್ನು ಇಟ್ಟು ಹೋಗದೆ ಅಲ್ಲೇ ಮೇಜು ಒರೆಸತೊಡಗಿದ. ಆಗಲೇ ಒರೆಸಿದ ಮೇಜು ಅದು. ಇಡ್ಲಿಯ ಆವಿ ಎದ್ದಿತು, ಒಂದು ಕ್ಷಣ ಅನುಮಾನಿಸಿದಂತೆ ನಿಂತಿತು, ಆಮೇಲೆ ಗುರುಪಾದಪ್ಪನವರ ಕಡೆಗೆ ಬಾಗಿ ಅವರ ಮೀಸೆಗೆ ತಗಲಿತು. ಹಂಪಣ್ಣ ನನ್ನ ಮುಖ ನೋಡಿದ. ಆ ಹೊತ್ತಿನಲ್ಲಿ ನಾನು ಅವರ ಕಡೆಯ ಆವಿಯನ್ನು ಎಷ್ಟು ನೆಟ್ಟ ನೋಟದಿಂದ ನೋಡಿದೆನೆಂದರೆ, ನನ್ನ ಕಡೆ ಏನಾದರೂ ಬಂತೇ ಎಂದು ನೋಡಿಕೊಳ್ಳುವುದು ಹೊಳೆಯಲೇ ಇಲ್ಲ.

“ಸಕ್ಕರಿ ಸಾಕಾತೇನ್ರೀ?” ಎಂದೆ.

“ಇಡ್ಲಿಗೆ ಸಕ್ಕರಿ ಯಾಕ್ರೀ ಬಾಯಾರ?” ಎಂದು ಅವರು ಆಶ್ಚರ್ಯದಿಂದ ಕೇಳಿದರು. ಅಕ್ಕ ನಗು ತಡೆದುಕೊಂಡಳು. ಅವರು ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿಟ್ಟು, ಅದು ಪೂರ್ತಿ ಮೆತ್ತಗಾಗುವ ತನಕ ಕಾಯುತ್ತಾ ಮಳೆ, ಮೋಟರು, ವೋಲ್ಟೇಜು ಎಂದು ಮಾತಾಡುತ್ತಿದ್ದರು. ಇಷ್ಟು ನಿಧಾನವಾಗಿ ಮಾತಾಡುವವರು ಪ್ರತಿ ಮಾತನ್ನೂ ಒಳಗೆ ಒಮ್ಮೆ ನೋಡಿಕೊಂಡು ಹೊರಗೆ ಬಿಡುತ್ತಿದ್ದಾರೆ ಎಂದು ನನಗನಿಸಿತು.

ಮನೆಗೆ ಬರುವಾಗ, “ಕಂಡಿಯಿಲ್ಲೋ ಅಕ್ಕಾ?” ಎಂದೆ.

“ಕಂಡೆ.”

“ಮತ್ತ?”

“ಮತ್ತೇನು? ಪರಿಚಯ ಆಗಿ ಎಷ್ಟು ದಿನಾ ಆತು? ಇದ್ದದ್ದೆಲ್ಲಾ ಸುರಿಯಾಕ ನಾ ಏನ್ ಕೋರ್ಟೇನು? ನಿಮ್ಮ ವಕೀಲರ ಹಂಗ ಮಾತಾಡಬ್ಯಾಡ.”

ನಾನು ಸುಮ್ಮನಾದೆ. ಆದರೆ ತಲೆಯೊಳಗೆ ಸುಮ್ಮನಾಗಲಿಲ್ಲ. ಇನ್ನೊಬ್ಬ ಹೆಂಡತಿ ಇರಬಹುದು. ಕೆಲಸದಿಂದ ತೆಗೆದು ಹಾಕಿರಬಹುದು. ಯಾವುದೋ ರೋಗ ಇರಬಹುದು. ಸಂಜೆ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟರು, ಒಂದು ಗುರುತು ಕಂಡೊಡನೆ ಒಂದೇ ಕಾರಣಕ್ಕೆ ಹಾರಬೇಡಿ ಎನ್ನುತ್ತಿದ್ದರು. ನಾನು ಒಂದೇ ಕಾರಣಕ್ಕೆ ಹಾರಲಿಲ್ಲ. ಸಿಕ್ಕ ಕಾರಣಕ್ಕೆಲ್ಲ ಹಾರಿದೆ.

ಎರಡನೆಯ ನಾಷ್ಟಾದ ದಿನ ಅವರ ಮುಖ ಕೊಂಚ ಬಾಡಿತ್ತು. ಹಂಪಣ್ಣ ಬಂದು, “ಏನ್ ಕೊಡ್ಲಿ ಸಾಹೇಬರಿಗೆ? ಉಪ್ಪಿಟ್ಟು ಈಗ ಇಳಿಸೇನಿ, ಹೊಗಿ ಹೊಗಿ ಐತಿ” ಎಂದ.

ಗುರುಪಾದಪ್ಪ ಕೆನ್ನೆ ಸವರಿಕೊಂಡರು. “ಬ್ಯಾಡ್ರಿ. ಮೊಸರವಲಕ್ಕಿ ಸಿಗ್ತೈತೇನು?”

ಹೋಟೆಲಿನಲ್ಲಿ ಚಮಚೆಗಳ ಸದ್ದು ನಿಂತಿತು. ಮೂಲೆಯಲ್ಲಿ ಯಾರೋ ಕೆಮ್ಮಿದರು. “ಮೊಸರವಲಕ್ಕಿ!” ಎಂದು ಹಂಪಣ್ಣ ಒಳಗಿನ ಭಟ್ಟಿಯವನಿಗೂ ಹೊರಗಿನ ರಸ್ತೆಗೂ ಒಟ್ಟಿಗೇ ಕೇಳುವಂತೆ ಕೂಗಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ, “ನಮ್ಮ ಹೋಟೆಲಿನ್ಯಾಗ ಹಿಂದಕ ಮೊಸರವಲಕ್ಕಿ ತಿಂದಾಂವ ಇಲೆಕ್ಷನ್ನಿಗೆ ನಿಂತಿದ್ದ, ತಂಗಿ. ಗೆದ್ದ ಮತ್ತ” ಎಂದ. ಅಕ್ಕ ತನಗೂ ಮೊಸರವಲಕ್ಕಿಯನ್ನೇ ಹೇಳಿದಳು. ಅದು ನನಗೆ ಇನ್ನೂ ಕೆಟ್ಟದೆನಿಸಿತು. ಇಬ್ಬರೂ ತಣ್ಣನೆಯ ತಟ್ಟೆಗಳ ಮೇಲೆ ತಲೆಬಾಗಿಸಿ ತಿನ್ನುತ್ತಿದ್ದರು. ನನ್ನ ಮುಂದಿದ್ದ ಚಹಾವನ್ನು ಅಕ್ಕ, “ಬಿಸಿ ಭಾಳ ಐತಿ, ತಡಿ” ಎಂದು ಸಾಸರಿಗೆ ಸುರಿದು ಆರಿಸಿಬಿಟ್ಟಳು. ಚಿಕ್ಕಂದಿನಿಂದ ಅವಳು ನನಗೆ ಹಾಗೆಯೇ ಆರಿಸಿ ಕೊಡುತ್ತಿದ್ದಳು. ಆದರೆ ಅವತ್ತು ನನಗೆ ಅದು ನೆನಪಾಗಲಿಲ್ಲ.

ನನಗೆ ಹೊಳೆದದ್ದು ಇಷ್ಟೇ. ಅವರಿಗೆ ಆವಿಯ ವಿಷಯ ಗೊತ್ತಾಗಿದೆ. ಹೇಳಿದವಳು ಅಕ್ಕ. ಅವರು ಏನನ್ನು ಬಚ್ಚಿಟ್ಟಿದ್ದಾರೋ ಅದನ್ನು ಈಗ ಇಬ್ಬರೂ ಸೇರಿ ನನ್ನಿಂದ ಬಚ್ಚಿಡುತ್ತಿದ್ದಾರೆ. ನನಗಾಗಿ ಇಷ್ಟು ವರ್ಷ ಸೂಜಿಗೆ ದಾರ ಪೋಣಿಸಿದವಳನ್ನು ಸಂಶಯಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಸಂಶಯ ಹೋಗಲಿಲ್ಲ. ಮರುದಿನ ಮನೆಯಲ್ಲಿ ಬೇಕೆಂದೇ ಎರಡು ಕಪ್ಪು ಕುದಿಯುವ ಚಹಾ ತಂದು ನಮ್ಮಿಬ್ಬರ ನಡುವೆ ಇಟ್ಟೆ. ಅಕ್ಕ ತನ್ನ ಕಪ್ಪು ಎತ್ತಿಕೊಂಡು ಮಷಿನ್ನಿನ ಕಡೆ ಹೋದಳು. ಸಂಜೆಯೊಳಗೆ ಮೂರು ಬ್ಲೌಸು ಕೊಡಬೇಕಿತ್ತು ಅವಳಿಗೆ. ನಾನು ಅದನ್ನೂ ಸಾಕ್ಷಿ ಎಂದುಕೊಂಡೆ.

ಆ ವಾರ ವಕೀಲರ ಕೆಲಸವಿದೆಯೆಂದು ಅಕ್ಕನಿಗೆ ಸುಳ್ಳು ಹೇಳಿ ಬಸ್ಸು ಹತ್ತಿದೆ. ಗುರುಪಾದಪ್ಪ ಮೊದಲು ಇದ್ದ ಊರಿಗೆ ಹೋಗಿ ಅವರ ಬಾಡಿಗೆ ಮನೆಯ ಯಜಮಾನಿಯನ್ನು ಹುಡುಕಿದೆ. ಖೋಲಿ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳುವ ನೆಪದಲ್ಲಿ ಒಳಗೆ ಹೋದೆ. ದಪ್ಪಗಿನ, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡ ಹೆಂಗಸು. ನನಗೂ ಚಹಾ ಕೊಟ್ಟಳು.

“ಗುರುಪಾದಪ್ಪ? ಬಂಗಾರದಂಥಾ ಮನುಷ್ಯಾ” ಎಂದಳು. “ಆದ್ರ ಒಂದ್ ಮಾತು ನೋಡವಾ. ಆ ಪುಣ್ಯಾತ್ಮ ನಕ್ಕಿದ್ದನ್ನ ನಾ ನೋಡಿಲ್ಲ. ನಗು ಬಂದ್ರ ಬಾಯಿಗೆ ಟವೆಲ್ ಹಿಡಿತಿದ್ದ. ಮಲಗೋ ಮುಂದ ಬಾಗಲಾ ಹಾಕಿದನಂದ್ರ, ಮನಿಗೆ ಬೆಂಕಿ ಬಿದ್ರೂ ಒಳಗಿಂದ ಹೂಂ, ಹೂಂ ಅಂತಿದ್ದ, ಒಂದ್ ಮಾತಾಡ್ತಿದ್ದಿಲ್ಲ. ನನ್ನ ಗಂಡ ಅಂತಿದ್ದ, ಏನೋ ಮಂತ್ರ ಗಿಂತ್ರ ಸಾಧನಾ ಮಾಡ್ತಾನೇನೋ ಅಂತ.”

ನಾನು ಕಪ್ಪು ಹಿಡಿದುಕೊಂಡು ಕೇಳುತ್ತಿದ್ದೆ. ನಾನು ಯಾರು, ಯಾಕೆ ಬಂದೆ, ಎಲ್ಲವನ್ನೂ ಸುಳ್ಳು ಹೇಳಿ ಕೂತಿದ್ದೆ. ಆದರೂ ನನ್ನ ಚಹಾದ ಆವಿ ನೆಟ್ಟಗೆ ಛಾವಣಿಯ ಕಡೆ ಹೋಗುತ್ತಿತ್ತು. ಆ ಊರಿನಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಹಿಂದಿರುಗಿದ ಮೇಲೆ ನಾನು ಮನೆಯಲ್ಲಿ ಚಹಾ ಆರಿಸಿ ಕುಡಿಯತೊಡಗಿದೆ. ಹೊಟ್ಟೆ ಉರಿ ಎಂದೆ. ಬೆಳಗ್ಗೆ ಬಾಳೆಹಣ್ಣು ಸಾಕೆಂದೆ. ಅಕ್ಕ ಒಂದು ಸಲ ನನ್ನ ಕಡೆ ನೋಡಿ, ಜೀರಿಗೆ ಕಷಾಯ ಮಾಡಿಕೊಟ್ಟಳು. ಅದನ್ನೂ ತಾನೇ ಆರಿಸಿ ಕೊಟ್ಟಳು.

ಮೂರನೆಯ ನಾಷ್ಟಾದ ದಿನ ನಾನು ನಿರ್ಧರಿಸಿಯೇ ಹೋಗಿದ್ದೆ. ಎಲ್ಲರಿಗೂ ಕೇಳುವಂತೆ ಬಿಸಿ ಚಹಾ ಹೇಳುವುದು, ಆವಿ ಅವರ ಕಡೆ ವಾಲಿದೊಡನೆ ಶಿರಾ ಬಡಿಸದೆ ಏಳುವುದು. ಅಕ್ಕ ಅತ್ತರೆ ಅಳಲಿ. ಒಂದು ದಿನ ನನಗೆ ಕೈ ಮುಗಿಯುತ್ತಾಳೆ. ಹೀಗೆ ನಾನು ನನಗೇ ಹೇಳಿಕೊಂಡಿದ್ದೆ.

ಹಂಪಣ್ಣ ಮೊದಲು ಶಿರಾ ತಂದು ನನ್ನ ಮುಂದಿಟ್ಟ. ಅದನ್ನು ಹೆಣ್ಣಿನ ಕಡೆಯವರ ಮುಂದೆಯೇ ಇಡಬೇಕು. ಬೇಕೆಂದೇ ಆರಿದ್ದನ್ನು ತಂದಿದ್ದ. ಒಪ್ಪಿಗೆ ಕೊಡುವ ಹೊತ್ತಿಗೆ ಆವಿಯ ಗೊಂದಲ ಬೇಡವೆಂದು ಶಿರಾ ಮಾತ್ರ ಆರಿಸಿಯೇ ಇಡುತ್ತಾರೆ. “ಹಂಪಣ್ಣಾ, ಮೂರು ಚಹಾ. ಕುದಿಯೂವು” ಎಂದೆ. ಪಕ್ಕದ ಮೇಜುಗಳವರು ಕುರ್ಚಿ ಸರಿಸಿಕೊಂಡರು. ಅಕ್ಕನ ಕೆನ್ನೆಯ ಬಣ್ಣ ಇಳಿಯಿತು.

ಮೂರು ಕಪ್ಪುಗಳು ಬಂದವು. ಆವಿ ಎದ್ದಿತು. ಮೇಜಿನ ನಡುವೆ ಒಂದು ಗೇಣು ಮೇಲೆ ಹೋಗಿ ಒಟ್ಟುಗೂಡಿತು, ಆಮೇಲೆ ಎರಡಾಗಿ ಸೀಳಿತು. ಒಂದು ಎಳೆ ಗುರುಪಾದಪ್ಪನವರ ಕಡೆ ಹೋಯಿತು, ತೆಳ್ಳಗೆ, ನಾಚಿಕೊಂಡಂತೆ. ಇನ್ನೊಂದು ದಪ್ಪ ಎಳೆ ನನ್ನ ಮುಖದ ಮೇಲೆ ಬಂದಿತು. ನನ್ನ ಕನ್ನಡಕ ಮಂಜಾಯಿತು. ಗಾಳಿ ಇರಬೇಕೆಂದು ಬಾಗಿಲ ಕಡೆ ನೋಡಿದೆ. ಪರದೆ ಅಲುಗುತ್ತಿರಲಿಲ್ಲ. ಕುರ್ಚಿಯನ್ನು ಕೊಂಚ ಸರಿಸಿದೆ. ಎಳೆಯೂ ಸರಿಯಿತು.

ಈಗ ಹೋಟೆಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನ್ನನ್ನು, ಅವರನ್ನು, ಮತ್ತೆ ನನ್ನನ್ನು. ನಿಜಕ್ಕೂ ಗುರುಪಾದಪ್ಪನವರಿಗೆ ಆವಿಯ ಮಾತೇ ಗೊತ್ತಿರಲಿಲ್ಲ. ಅವರಿಗೆ ಗೊತ್ತಾದದ್ದು ಇಷ್ಟು ಜನ ತಮ್ಮ ಮುಖದ ಕಡೆ, ಬಾಯಿಯ ಕಡೆ ನೋಡುತ್ತಿದ್ದಾರೆ ಎಂಬುದು. ಅವರು ಮೊದಲು ಟವೆಲನ್ನು ಬಾಯಿಗೆ ಹಿಡಿದರು, ಆಮೇಲೆ ಇಳಿಸಿದರು.

“ಕಾಣಸ್ತೇನ್ರೀ ಎಲ್ಲಾರಿಗೂ?” ಎಂದರು. “ಆತು, ಹೇಳಿಬಿಡ್ತೀನಿ. ಹಲ್ಲು ನಂದಲ್ರೀ. ಮ್ಯಾಲಿಂದೂ ಕೆಳಗಿಂದೂ ಎರಡೂ ಕಟ್ಟಿಸಿದ್ದು. ಪಂಪಿನ ಹ್ಯಾಂಡಲ್ ಬಡದು ಇದ್ದಬಿದ್ದ ಹಲ್ಲೆಲ್ಲಾ ಹೋದವು. ಹೇಳೂಣು ಅಂತ ಎರಡು ಸಲಾ ಬಾಯಿ ತಗದೆ, ಬಾಯಿ ತಗದ ಕೂಡಲೇ ನಾಚಿಕಿ ಬಂತು. ನಕ್ಕರ ಮ್ಯಾಲಿಂದು ಜಾರ್ತೈತಿ. ಆವತ್ತ ಒಸಡು ಬಾತಿತ್ತು, ಅದಕ್ಕ ಮೊಸರವಲಕ್ಕಿ ತಿಂದೆ. ಕಸ್ತೂರಿಬಾಯಾರ, ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ.”

ಹಂಪಣ್ಣ, “ಹಲ್ಲಾ!” ಎಂದ. “ಹಲ್ಲಿನ ಸಲುವಾಗಿ ನಾ ಎರಡು ವಾರದಿಂದ ನಿದ್ದಿಗೆಟ್ಟೇನಿ!” ಇಡೀ ಹೋಟೆಲು ನಕ್ಕಿತು. ಅಕ್ಕ ಎಲ್ಲರಿಗಿಂತ ಹೆಚ್ಚು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. “ನನಗೂ ಎರಡು ದವಡಿ ಹಲ್ಲು ಹೋಗ್ಯಾವ್ರೀ. ಸೇರಿಸಿದ್ರ ಒಂದು ಬಾಯಿ ಆಗ್ತೈತಿ ಬಿಡ್ರಿ” ಎಂದಳು. ಗುರುಪಾದಪ್ಪ ಮೊದಲ ಸಲ ಟವೆಲ್ ಇಲ್ಲದೆ ನಕ್ಕರು. ಮೇಲಿನ ಸಾಲು ನಿಜವಾಗಿಯೂ ಜಾರಿತು. ನಾಲಿಗೆಯಿಂದ ಮೇಲೆ ಕೂರಿಸಿಕೊಂಡರು.

ಅವರ ಕಡೆಗಿದ್ದ ಎಳೆ ಸಡಿಲವಾಗಿ ಹಿಂದೆ ಬಂದಿತು. ನೆಟ್ಟಗಾಗುತ್ತದೆ ಎಂದುಕೊಂಡೆ. ಅದು ನೆಟ್ಟಗಾಗಲಿಲ್ಲ, ನನ್ನ ಕಡೆಗಿದ್ದ ಎಳೆಯೊಂದಿಗೆ ಸೇರಿಕೊಂಡಿತು. ನಗು ಒಂದೊಂದೇ ಮೇಜಿನಲ್ಲಿ ನಿಂತುಹೋಯಿತು. ಇನ್ನು ಆ ಮೇಜಿನಲ್ಲಿ ನೋಡಲು ಉಳಿದವಳು ನಾನೊಬ್ಬಳೇ.

ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಅವಳು ಎಂದೂ ಮನೆಯಲ್ಲಿ ಕೇಳದಿದ್ದ ಮಾತನ್ನು ಕೇಳಿದಳು. “ಸಕ್ಕರಿ ಸಾಕಾತೇನ್, ಶಕ್ಕೂ?”

ಸಾಕಾತು ಎಂದು ಕಪ್ಪು ಎತ್ತಿಕೊಳ್ಳಬಹುದಿತ್ತು. ಅದಕ್ಕೆ ಯಾರೂ ಬೈಯುತ್ತಿರಲಿಲ್ಲ. ನನ್ನ ಕೈ ಕಪ್ಪಿನವರೆಗೆ ಹೋಯಿತು ಕೂಡ. “ನಾ ಇವರ ಊರಿಗೆ ಹೋಗಿದ್ದೆ ಅಕ್ಕಾ” ಎಂದೆ. “ವಕೀಲರ ಕೆಲಸ ಅಂದದ್ದು ಸುಳ್ಳು. ಮನಿ ಮಾಲಕ್ತಿ ಹತ್ರ ಕೂತು ಇವರ ಬಗ್ಗೆ ವಿಚಾರಿಸಿದೆ. ನೀ ಇವರಿಗೆ ಆವಿ ವಿಷಯ ಹೇಳಿದಿ ಅಂತ ನಿನ್ನ ಮ್ಯಾಲೂ ಸಂಶಯ ಮಾಡಿದೆ.”

“ಯಾವ ಆವಿ?” ಎಂದು ಗುರುಪಾದಪ್ಪ ಕೇಳಿದರು.

ಹೇಳಿಬಿಟ್ಟೆ ಎಂದು ಎದೆ ಹಗುರವಾಯಿತು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಮತ್ತೆ ಮಂಜಾಯಿತು. ಆವಿ ಇನ್ನೂ ನನ್ನ ಕಡೆಗೇ ಇತ್ತು, ಒಂದು ಎಳೆಯೂ ಕಡಿಮೆಯಾಗಿರಲಿಲ್ಲ.

“ಇನ್ನೂ ಐತೇನು?” ಅಕ್ಕ ಮೆಲ್ಲಗೆ ಕೇಳಿದಳು.

“ಇಲ್ಲಕ್ಕಾ. ನಿನ್ನಾಣಿ, ಇಷ್ಟ. ಮತ್ತೇನೂ ಇಲ್ಲ.” ನಾನು ನಿಜವನ್ನೇ ಹೇಳುತ್ತಿದ್ದೆ. ನನಗೆ ಗೊತ್ತಿದ್ದಷ್ಟು ನಿಜ. ಆದರೆ ಕಪ್ಪು ನನಗಿಂತ ಹೆಚ್ಚು ತಿಳಿದಂತೆ ನನ್ನ ಮುಖಕ್ಕೇ ಉಸಿರು ಬಿಡುತ್ತಿತ್ತು. ನನಗೆ ಸಿಟ್ಟು ಬಂದಿತು. ಏನಿದೆ ಇನ್ನು? ಹಲ್ಲಿನ ಮಾತು ಕೇಳಿ ಎಲ್ಲರೂ ನಕ್ಕಾಗ ನಾನು ಯಾಕೆ ನಗಲಿಲ್ಲ? ಅವರಲ್ಲಿ ತಪ್ಪಿಲ್ಲವೆಂದು ಗೊತ್ತಾದಾಗ ನನಗೆ ಸಂತೋಷವಾಗಬೇಕಿತ್ತಲ್ಲ. ಆಗಿರಲಿಲ್ಲ. ಕೈಗೆ ಬಂದದ್ದು ಜಾರಿದಂತಾಗಿತ್ತು. ಎರಡನೆಯ ಹೆಂಡತಿ ಇರಲಿ, ರೋಗ ಇರಲಿ, ಏನಾದರೂ ಒಂದು ಇರಲಿ ಎಂದು ನಾನು ಆ ಬಸ್ಸಿನಲ್ಲಿ ಹೋಗುವಾಗ ಹಾರೈಸುತ್ತಿದ್ದೆ. ಹಾರೈಸುತ್ತಿದ್ದೆ ಎಂಬುದು ಆಗ ಆ ಮೇಜಿನ ಮುಂದೆ ಕೂತಾಗಲೇ ನನಗೆ ತಿಳಿಯಿತು.

“ನೀ ಹೋದ ಮ್ಯಾಲೆ” ಎಂದೆ. “ನೀ ಹೋದ ಮ್ಯಾಲೆ ಮನ್ಯಾಗ ನಾ ಒಬ್ಬಾಕಿ ಕೂತು ಚಹಾ ಕುಡೀಬೇಕಲ್ಲ, ಅಕ್ಕಾ. ಒಬ್ಬಾಕಿ ಕೂತ್ರ ಆವಿ ನೆಟ್ಟಗ ಹೋಗ್ತೈತಿ.”

ಹೇಳಿ ತಲೆ ತಗ್ಗಿಸಿದೆ. ಈಗ ಆವಿ ಏನು ಮಾಡುತ್ತಿದೆ ಎಂದು ನೋಡಬೇಕಿತ್ತು. ನೆಟ್ಟಗಾಗಿದ್ದರೆ ನಾನು ಹೇಳಿದ್ದು ಪೂರ್ತಿ. ಇನ್ನೂ ವಾಲಿದ್ದರೆ ನನ್ನೊಳಗೆ ಇನ್ನೂ ಏನೋ ಇದೆ. ಹೋಟೆಲಿನವರೆಲ್ಲ ಕತ್ತು ಚಾಚಿದ್ದರು. ಹಂಪಣ್ಣನ ಬಟ್ಟೆ ಹಿಡಿದ ಕೈ ಹಾಗೆಯೇ ನಿಂತಿತ್ತು. ನಾನು ತಲೆ ಎತ್ತುವಷ್ಟರಲ್ಲಿ ನನ್ನ ಕಪ್ಪಿನ ಮೇಲೆ ಅಕ್ಕನ ಅಂಗೈ ಇತ್ತು. ಸೂಜಿ ಚುಚ್ಚಿ ಚುಚ್ಚಿ ತುದಿಗಳು ದಡ್ಡುಗಟ್ಟಿದ ಬೆರಳುಗಳು ಕಪ್ಪಿನ ಅಂಚನ್ನು ಬಿಗಿಯಾಗಿ ಸುತ್ತಿಕೊಂಡಿದ್ದವು. ಉಳಿದೆರಡು ಕಪ್ಪುಗಳ ಮೇಲೆ ಆಗಲೇ ಸಾಸರು ಕವುಚಿದ್ದಳು. ಒಂದು ಎಳೆ ಆವಿಯೂ ಹೊರಗೆ ಬರುತ್ತಿರಲಿಲ್ಲ.

“ಅಕ್ಕಾ, ಸುಡ್ತೈತಿ. ನೋಡರ ನೋಡು, ಖರೇ ಹೇಳೇನೋ ಇಲ್ಲೋ.”

“ನೋಡೂದು ಬ್ಯಾಡ” ಎಂದಳು ಅಕ್ಕ. ಇನ್ನೊಂದು ಕೈಯಿಂದ ಶಿರಾದ ತಟ್ಟೆಯನ್ನು ನನ್ನ ಹತ್ತಿರ ತಳ್ಳಿದಳು. “ಬಡಸೂದಿದ್ರ ಬಡಸು. ಇಲ್ಲಂದ್ರ ಏಳೂಣು. ಎರಡರಾಗ ಯಾವುದು ಮಾಡಿದ್ರೂ ನಾ ನಿನ್ನ ಕೇಳೂದಿಲ್ಲ.”

ಹಂಪಣ್ಣ ಬಂದು ಪಕ್ಕದ ಮೇಜು ಒರೆಸತೊಡಗಿದ. ಉಳಿದವರು ತಮ್ಮ ತಮ್ಮ ತಟ್ಟೆಗಳ ಕಡೆ ತಿರುಗಿದರು. ನಾನು ಚಮಚೆ ಎತ್ತಿಕೊಂಡೆ. ಶಿರಾ ಆರಿ ಗಟ್ಟಿಯಾಗಿತ್ತು, ಚಮಚೆ ಇಳಿಯಲಿಲ್ಲ. ಒತ್ತಿ ಒಂದು ತುಂಡು ಬಿಡಿಸಿ, ಚಮಚೆಯ ಬೆನ್ನಿನಿಂದ ಅದನ್ನು ಮೆತ್ತಗೆ ಮಾಡಿ, ಗುರುಪಾದಪ್ಪನವರ ತಟ್ಟೆಗೆ ಬಡಿಸಿದೆ. ಒಳಗೆ ಗೋಡಂಬಿ ಇತ್ತು. ಅದನ್ನು ಆರಿಸಿ ತೆಗೆದು ನನ್ನ ತಟ್ಟೆಗೆ ಹಾಕಿಕೊಂಡೆ.

ಆಮೇಲೆ ಎಷ್ಟೋ ಸಲ ಮೂವರೂ ಅಲ್ಲಿ ಕೂತಿದ್ದೇವೆ. ಅವತ್ತು ಅಂಗೈಯ ಕೆಳಗೆ ಆ ಆವಿ ನೆಟ್ಟಗಾಗಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಕೈ ತೆಗೆದಾಗ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು.